ಋಷಿಗೆ ಕೆಂಪು ಟೋಪಿ, ಅಧ್ಯಕ್ಷರಿಗೆ ಕೋರೆಹಲ್ಲು

ಕಂಪ್ಯೂಟರಿಗೆ ತಮಾಷೆ ಕಲಿಸಲು ಕೂತವರ ಮನೆಯಲ್ಲಿ ತಮಾಷೆಗೆ ಬರವಿಲ್ಲ. ಅರಬ್ ನಾಡಿನ ಅಲ್ ಗರಾಫಾದ ಟೈಪಿಂಗ್ ಸೆಂಟರಿನಲ್ಲಿ ವೀಸಾ ಅರ್ಜಿ ಟೈಪ್ ಮಾಡುತ್ತಲೇ ನಾನು ಪ್ರೋಗ್ರಾಮಿಂಗ್ ಕಲಿತದ್ದು. ಹಳೆ ಪುಸ್ತಕ ಓದಿ ಕಲಿತೆ. ಯಾರ ಪಾಠಕ್ಕೂ ಹೋದವಳಲ್ಲ. ಪುಸ್ತಕದ ಪುಟ ಕೊಟ್ಟರೆ ನಗೆಚಿತ್ರ ಮಾಡುವ ಸಾಫ್ಟ್‌ವೇರ್ ಬರೆದು ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ತೋರಿಸುತ್ತೇನೆಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ಅಧ್ಯಕ್ಷರು ಒಪ್ಪಿದರು, ಒಂದು ಷರತ್ತಿನ ಮೇಲೆ: "ಯಾರಿಗಾದರೂ ಬೇಸರವಾಯಿತೋ, ಖಲಾಸ್. ಅಲ್ಲಿಗೇ ಬಂದ್."

೧. ಕೆಂಪು ಟೋಪಿ

ಮೊದಲ ದಿನ "ಕಾಡಿನಲ್ಲಿ ಋಷಿ ತಪಸ್ಸು ಮಾಡುತ್ತಿದ್ದನು" ಎಂದು ಟೈಪ್ ಮಾಡಿದೆ. ಚಿತ್ರಗಳೆಲ್ಲ ವಿದೇಶಿ ಸಿಡಿಯವು; ಅದರಲ್ಲಿ ಋಷಿ ಎಲ್ಲಿ ಬರಬೇಕು? ಸಿಗದಿದ್ದರೆ ಬಿಳಿ ಗಡ್ಡದವನನ್ನು ಹುಡುಕು ಎಂದು ಬರೆದಿಟ್ಟಿದ್ದೆ. ಹಿಮ ಬಿದ್ದ ಕಾಡಿನಲ್ಲಿ ಸಾಂತಾಕ್ಲಾಸ್ ಬಂದು ಕೂತ.

ನಾನು ತಲೆ ಚಚ್ಚಿಕೊಂಡರೆ ಮಗಳು, "ಸರಿ ಉಂಟಲ್ಲ ಅಮ್ಮಾ? ಋಷಿ ಖುಷಿಯಾದ್ರೆ ವರ ಕೊಡ್ತಾರೆ, ಇವ್ರು ಗಿಫ್ಟ್ ಕೊಡ್ತಾರೆ. ಸೇಮ್ ಡಿಪಾರ್ಟ್‌ಮೆಂಟ್" ಎಂದಳು.

೨. ಉಪ್ಪಿನ ಗುಡ್ಡ

ಯಾವ ಹೆಸರು ಹೆಚ್ಚು ಸಲ ಬರುತ್ತದೋ ಅದರ ಚಿತ್ರ ದೊಡ್ಡದಾಗಲಿ ಎಂದು ನಿಯಮ ಹಾಕಿ, ಅಡುಗೆ ಪುಸ್ತಕ ಕೊಟ್ಟೆ. ಉಪ್ಪು ಇಲ್ಲದ ಪುಟವೇ ಇಲ್ಲ. ಪರದೆ ತುಂಬ ಉಪ್ಪಿನ ಗುಡ್ಡ, ಮೂಲೆಯಲ್ಲಿ ಇರುವೆಯಷ್ಟು ಮೀನು.

"ಎಲ್ಲೋ ತಪ್ಪಾಗಿದೆ" ಎಂದೆ.

ಪಕ್ಕದ ಫ್ಲ್ಯಾಟಿನ ಆಂಟಿ ಕನ್ನಡಕ ಏರಿಸಿ ನೋಡಿದರು. "ಎಂತ ತಪ್ಪು ಮಾರಾಯ್ತಿ? ಮೊನ್ನೆ ನಮ್ಮನೆಗೆ ಕಳಿಸಿದ್ದಿಯಲ್ಲ, ಆ ಮೀನುಸಾರಿನದ್ದೇ ಫೋಟೋ ಇದು!"

೩. ಬಣ್ಣದ ವೇಷ

ನಮ್ಮವರ ಮುಖಗಳೇ ಇರಲಿ ಎಂದು ಸಂಘದ ಪಿಕ್‌ನಿಕ್ ಫೋಟೋಗಳನ್ನು ತುಂಬಿದೆ. ಕಿರೀಟ, ಕೋರೆಹಲ್ಲುಗಳನ್ನು ನಾನೇ ಬಿಡಿಸಿ ಸೇರಿಸಿದೆ. ಯಾವ ಪಾತ್ರಕ್ಕೆ ಯಾರ ಮುಖ ಎಂಬುದು ಕಂಪ್ಯೂಟರಿಗೆ ಬಿಟ್ಟದ್ದು.

ವಾರ್ಷಿಕೋತ್ಸವದ ಶುಕ್ರವಾರ ಸಭೆಯೆದುರು ಒಂದು ರಾಕ್ಷಸನ ಕಥೆ ಕೊಟ್ಟು ಗುಂಡಿ ಒತ್ತಿದೆ. ಪರದೆ ತುಂಬ ಕೋರೆಹಲ್ಲಿನ ರಾಕ್ಷಸ, ಮುಖ ಅಧ್ಯಕ್ಷರದ್ದು! ಅವನ ಕಾಲ ಬಳಿ ಹೆಬ್ಬೆರಳಿನಷ್ಟು ರಾಜಕುಮಾರ; ಮುಖ ಖಜಾಂಚಿಯವರದ್ದು.

ಕಾರ್ಯದರ್ಶಿ ಪ್ರೊಜೆಕ್ಟರ್ ಆರಿಸಲು ಓಡಿದರು.

"ಏಯ್, ಮುಟ್ಟಬೇಡ ಮಾರಾಯ!" ಅಧ್ಯಕ್ಷರು ಎದ್ದು ನಿಂತರು. "ಊರಿನ ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ಕೊಡಿ ಅಂತ ಎಷ್ಟು ಬೇಡಿದ್ದೆ! ಆಳು ಸಣ್ಣ ಅಂತ ಪ್ರತಿ ಸಲ ದೂತನನ್ನಾಗಿ ಮಾಡಿ ನಿಲ್ಲಿಸಿದರು. ಅಕ್ಕಾ, ಇದನ್ನು ಇಳಿಸಬೇಡಿ."

ಇಳಿಸಲಿಲ್ಲ. ಮುಖ್ಯ ಅತಿಥಿಗಳು ಆ ಕೋರೆಹಲ್ಲುಗಳ ಕೆಳಗೇ ನಿಂತು ಭಾಷಣ ಮುಗಿಸಿದರು.

ಊಟದ ಸಾಲಿನಲ್ಲಿ ಖಜಾಂಚಿಯವರು ಮುಖ ಊದಿಸಿಕೊಂಡು ಹತ್ತಿರ ಬಂದರು. "ನಾನು ನಿಮಗೆ ಎಂತ ಅನ್ಯಾಯ ಮಾಡಿದ್ದೆ ಅಕ್ಕಾ, ನನ್ನನ್ನು ರಾಜಕುಮಾರ ಮಾಡ್ಲಿಕ್ಕೆ?"