ನಾಯಿಗೆ ಕೊಸ್ಮ ಎಂದೇ ಹೆಸರಿಟ್ಟೆ

ನಮ್ಮ ಸಂಸಾರದಲ್ಲಿ ಹೆಸರಿಡುವ ಖಾತೆ ಮೊದಲಿನಿಂದಲೂ ಹೆಂಡತಿ ದೊರೊತಾಳದು. ಮಗಳಿಗೆ ಅವಳೇ ಇಟ್ಟಳು, ಬೆಕ್ಕಿಗೆ ಅವಳೇ ಇಟ್ಟಳು, ನನಗೂ ಆಗಾಗ ಇಡುತ್ತಿರುತ್ತಾಳೆ (ಅವನ್ನು ಇಲ್ಲಿ ಬರೆಯುವಂತಿಲ್ಲ). ಹಾಗಾಗಿ ಆಗಸ್ಟ್‌ನಲ್ಲಿ ಹಳದಿ ಬಣ್ಣದ ನಾಯಿಮರಿ ಮನೆಗೆ ಬಂದ ದಿನವೇ ಅಡುಗೆಮನೆಯ ಸ್ಟೂಲ್ ಹತ್ತಿ ಘೋಷಿಸಿದೆ: "ಈ ಸಲ ಹೆಸರಿಡೋದು ನಾನು!"

"ಮೊದ್ಲು ಇಳೀರಿ, ಸ್ಟೂಲಿನ ಕಾಲು ಮುರಿದಿದೆ. ಬುರೆಕ್ ಅಂತಿಟ್ರೆ ಮುಗೀತಪ್ಪ."

"ಬುರೆಕ್? ಈ ರಾದೊಮ್ ಊರಲ್ಲಿ ಕಣ್ಮುಚ್ಚಿ ಕಲ್ಲೆಸೆದ್ರೂ ಬುರೆಕ್ ಅನ್ನೋ ಒಂದು ನಾಯಿಗೆ ತಗಲುತ್ತೆ ಕಣೇ!"

ನನ್ನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿತ್ತು. ನಮ್ಮಲ್ಲಿ ಪ್ರತಿ ತಾರೀಖಿನ ಕೆಳಗೂ ಸಂತರ ಹೆಸರು ಅಚ್ಚಾಗಿರುತ್ತದೆ. ಆ ಹೆಸರಿನವರಿಗೆಲ್ಲ ಅಂದು ನಾಮದಿನ. ಕರೆಯಲೇಬೇಕಿಲ್ಲ, ಜನ ತಾವಾಗಿ ಹೂವು, ಉಡುಗೊರೆ ಹಿಡಿದು ಬರುತ್ತಾರೆ. ದೊರೊತಾಳದು ಫೆಬ್ರವರಿ ಆರು. ಮೊಣಕಾಲುದ್ದ ಹಿಮ ಬಿದ್ದರೂ ಮನೆ ತುಂಬ ಜನ! ಡಾಮಿಯನ್ ಎಂಬ ನನ್ನದು ಸೆಪ್ಟೆಂಬರ್ ಇಪ್ಪತ್ತಾರು. ಹೋದ ವರ್ಷ ಅಂದು ನನಗೆ ಶುಭಾಶಯ ಹೇಳಿದವನು ವಿಮೆ ಏಜೆಂಟ್ ಒಬ್ಬನೇ. ನಿಜವಾಗಿಯೂ ಅಳು ಬಂದಿತ್ತು.

ಅದೇ ತಾರೀಖಿನಲ್ಲಿ ನನ್ನ ಹೆಸರಿನ ಪಕ್ಕಕ್ಕೇ ಇನ್ನೊಂದು ಹೆಸರಿದೆ, ಕೊಸ್ಮ. ಹಾಗೆ ಕರೆದರೆ ಇಬ್ಬರ ನಾಮದಿನವೂ ಒಂದೇ! ಮುದ್ದು ಮರಿಯನ್ನು ಯಾರಾದರೂ ಮರೆಯುತ್ತಾರೆಯೇ? ಅವನು ನೆನಪಾದರೆ ಪಕ್ಕದಲ್ಲಿರುವ ನಾನೂ ನೆನಪಾಗಲೇಬೇಕು! ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

"ಸಂತರ ಹೆಸರು ನಾಯಿಗಾ?" ಮರಿ ನೋಡಲು ಬಂದಿದ್ದ ಅತ್ತೆ ಗೆನೊವೆಫಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. "ಪಾದ್ರಿಗಳ ಕಿವಿಗೆ ಬಿದ್ರೆ ಯಾವ ಮುಖ ಹೊತ್ಕೊಂಡು ಚರ್ಚಿಗೆ ಹೋಗ್ಲಿ ಅಳಿಯಂದ್ರೇ?"

"ಹೋಗೋದು ನೀವು ತಾನೆ ಅತ್ತೆ, ನಾಯಿ ಅಲ್ವಲ್ಲ!"

ಮೂರು ದಿನ ಮಹಾಯುದ್ಧ ನಡೆಯಿತು. ನಾಲ್ಕನೆಯ ದಿನ ಕೊಸ್ಮ ಎಂದು ಕೂಗಿದೆ. ಮರಿ ಬಾಲ ಅಲ್ಲಾಡಿಸುತ್ತ ಓಡಿಬಂದು ಅತ್ತೆಯ ಮಡಿಲೇರಿ ಮಲಗಿತು. ಅತ್ತೆ ಕರಗಿ ನೀರಾದರು. ನಾನು ಗೆದ್ದೆ!

ಇಪ್ಪತ್ತಾರನೆಯ ತಾರೀಖು ಟೈ ಕಟ್ಟಿಕೊಂಡು, ಹೆರಿಂಗ್ ಮೀನು, ಗಸಗಸೆ ಕೇಕು ಜೋಡಿಸಿ ಕಾದೆ. ಸಂಜೆ ಐದಕ್ಕೆ ಕರೆಗಂಟೆ ಸದ್ದಾಯಿತು. ಬಂದರು, ಬಂದರು! ನಾಲ್ಕು ಮಹಡಿಯ ನೆರೆಹೊರೆ, ಭಾವಮೈದುನನ ಸಂಸಾರ, ಎಲ್ಲರ ಮುಂದೆ ಅತ್ತೆ, ಕೈಯಲ್ಲಿ ಕೆಂಪು ರಿಬ್ಬನ್ ಕಟ್ಟಿದ ಮೊಳದುದ್ದದ ಸಾಸೇಜ್. ನನ್ನ ಹೃದಯ ಉಕ್ಕಿತು. ಎರಡೂ ಕೈ ಚಾಚಿದೆ.

ಅತ್ತೆ ನನ್ನ ತೋಳಿನಡಿ ಬಗ್ಗಿ ಒಳಗೆ ನುಸುಳಿದರು. "ಎಲ್ಲಿ ನನ್ನ ಬಂಗಾರ? ಕೊಸ್ಮಾ!"

ಚೆಂಡು, ಮೂಳೆ, ಉಣ್ಣೆಯ ಸ್ವೆಟರ್, ಎಲ್ಲ ಅವನಿಗೇ. ಬಂದದ್ದು ಒಂದೇ ಒಂದು ಹೂಗುಚ್ಛ. ಅದನ್ನು ಎದುರುಮನೆಯಾಕೆ ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದಳು.

"ಸುಮ್ನೆ ನಿಂತಿದ್ದೀರಲ್ಲ, ಎಲ್ರಿಗೂ ಕೇಕ್ ಕೊಡ್ರಿ," ಎಂದಳು ದೊರೊತಾ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕೀಲ್ತ್ಸೆ ಊರಿನ ಸೋದರತ್ತೆ! ನನ್ನನ್ನು ಎತ್ತಿ ಆಡಿಸಿದವಳು!

"ಕೊಸ್ಮನಿಗೆ ಕೊಡಪ್ಪ ಫೋನು."

ನಾಯಿಯ ಕಿವಿಗೆ ಹಿಡಿದೆ. ಐದು ನಿಮಿಷ ಹರಸಿದಳು. ಆಮೇಲೆ ಕೇಳಿದಳು, "ಅಂದ ಹಾಗೆ ಡಾಮಿಯನ್, ನಿನ್ನ ನಾಮದಿನ ಯಾವಾಗಪ್ಪ? ಈ ವರ್ಷನಾದ್ರೂ ಮರೀಬಾರ್ದು ಅನ್ಕೊಂಡಿದ್ದೀನಿ."

ಹೇಳಲು ಬಾಯಿ ತೆರೆದೆ. ಕೊಸ್ಮ ಬಾಗಿಲ ಬಳಿ ಕುಂಯ್‌ಗುಟ್ಟಿದ.

"ಆಮೇಲೆ ಮಾತಾಡ್ರೀ!" ಎಂದರು ಅತ್ತೆ ಗೆನೊವೆಫಾ. "ಪಾಪ, ನಾಮದಿನದವನನ್ನ ಕಾಯಿಸ್ತಾರಾ?"

ಟೈ ಸರಿಮಾಡಿಕೊಂಡು, ಅವನನ್ನು ಕರೆದುಕೊಂಡು ನಾಲ್ಕು ಮಹಡಿ ಇಳಿದೆ.