ಗ್ಯಾರಂಟಿ, ವಾರಂಟಿ ಮತ್ತು ಫ್ರಿಜ್ಜಿನ ಮೂಲೆ

ಅಂಗಡಿಯವನ ಮೇಲೆ ದಂಡೆತ್ತಿ ಹೋಗುವುದೆಂದು ಟೈಲರಜ್ಜಿ ಮುಖ ತೊಳೆಯುವ ಮೊದಲೇ ನಿರ್ಧರಿಸಿದ್ದರು. ಮೋಟಾರಿನ ಹೊಲಿಗೆ ಮಷೀನು ಕೊಂಡು ಎಂಟೇ ತಿಂಗಳು. ನಿನ್ನೆ ಒಂದು ಲಂಗದ ಅಂಚು ಮುಗಿಯುವಷ್ಟರಲ್ಲಿ ಗುರ್ ಎಂದು ನಿಂತುಬಿಟ್ಟಿತ್ತು. ಕಾಲಲ್ಲಿ ತುಳಿಯುವ ಮಷೀನಿಗೆ ಅವರ ಮೊಣಕಾಲು ಎಂದೋ ರಾಜೀನಾಮೆ ಕೊಟ್ಟಾಗಿತ್ತು. ಇದೂ ಕೆಟ್ಟರೆ ಹೊಲಿಗೆ ಸಾಕು, ಆ ಮೂಲೆಗೆ ಫ್ರಿಜ್ಜು ಇಡೋಣ ಎಂದು ಮಗ ಮೊದಲೇ ಹೇಳಿಟ್ಟಿದ್ದ. ಫ್ರಿಜ್ಜಿಗೆ ಸಿಂಹಾಸನ ಬಿಟ್ಟುಕೊಡುವ ಹೆಂಗಸೇ ಅಜ್ಜಿ?

"ಊಟದ ಹೊತ್ತಿಗೆ ಹೊಸ ಮಷೀನು ಇಲ್ಲಿ ಕೂತಿರುತ್ತೆ, ನೋಡ್ತಿರು," ಎಂದು ಸೊಸೆಗೆ ಸಾರಿ, ಕೆಟ್ಟದ್ದನ್ನು ಅವಳ ಕೈಯಲ್ಲೇ ಹೊರಿಸಿಕೊಂಡು ಹೊರಟರು.

ಅಂಗಡಿಯವನು ಮಷೀನಿನ ಜೊತೆ ಕೊಟ್ಟಿದ್ದ ಕಾರ್ಡು ನೋಡಿ, ಇದು ಗ್ಯಾರಂಟಿ ಅಲ್ಲ, ವಾರಂಟಿ ಎಂದ. ಗ್ಯಾರಂಟಿ ಇದ್ದರೆ ಕೆಟ್ಟದ್ದನ್ನು ಇಟ್ಟುಕೊಂಡು ಹೊಸದು ಕೊಡುತ್ತಾರಂತೆ. ವಾರಂಟಿ ಇದ್ದರೆ ಕೆಟ್ಟದ್ದನ್ನೇ ರಿಪೇರಿ ಮಾಡಿಕೊಡುತ್ತಾರಂತೆ. ಅಜ್ಜಿಗೆ ಮೈಯೆಲ್ಲ ಉರಿಯಿತು. ಮಾರುವ ದಿನ ಇವನ ಬಾಯಲ್ಲಿ ಎರಡೂ ಅವಳಿಜವಳಿಯಾಗಿದ್ದವು. ಈಗ ನೋಡಿದರೆ ಒಬ್ಬ ದಾನಶೂರ, ಇನ್ನೊಬ್ಬ ಜಿಪುಣ!

ಸೊಸೆ ಮೆಲ್ಲಗೆ, "ನೀವೂ ಹೊಲಿಗೆ ಬಿಚ್ಚಿದ್ರೆ ಮತ್ತೆ ಹೊಲಿದು ಕೊಡ್ತೀರಿ ಅತ್ತೆ. ಹೊಸ ಬಟ್ಟೆ ಕೊಡಲ್ಲವಲ್ಲ," ಎಂದಳು.

"ನೀನು ಯಾರ ಕಡೆಯವಳೇ?"

ರಿಪೇರಿಯಾದರೂ ಮಾಡೋಣವೆಂದು ಅಂಗಡಿಯವನು ಮಷೀನನ್ನು ಬೋರಲು ಹಾಕಿದ. ಸ್ಕ್ರೂ ಮೇಲೆ ಕಂಪನಿಯವರು ಅಂಟಿಸಿದ್ದ ಚೀಟಿ ಅಲ್ಲಿರಲಿಲ್ಲ. ಎಲ್ಲಿ ಎಂದು ಕೇಳಿದ.

ಅಜ್ಜಿಯ ಮುಖ ಅರಳಿತು. ಕಾರ್ಡಿನ ಒಳಮಡಿಕೆ ಬಿಚ್ಚಿ ತೋರಿಸಿದರು. ಚೀಟಿ ಎಣ್ಣೆ ಬಿದ್ದು ಹಾಳಾದೀತೆಂದು ಕೊಂಡ ದಿನವೇ ಬಿಸಿನೀರಿನ ಆವಿ ಹಿಡಿದು, ಒಂದು ಮೂಲೆಯೂ ಹರಿಯದಂತೆ ಬಿಡಿಸಿ, ಗೋಂದು ಹಚ್ಚಿ ಅಲ್ಲಿ ಅಂಟಿಸಿಟ್ಟಿದ್ದರು.

"ಅದರಲ್ಲಿ ಏನಿದೆ, ಓದಿ ಅಜ್ಜಿ."

ಅಜ್ಜಿ ಕನ್ನಡಕ ಏರಿಸಿ, ಅಕ್ಷರಕ್ಕೊಂದು ಬೆರಳಿಟ್ಟು ಓದಿದರು. "ಈ ಚೀ...ಟಿ ಕಿ...ತ್ತರೆ ವಾ...ರಂಟಿ ಇ...ಲ್ಲ."

ಅಜ್ಜಿ ಸಾವರಿಸಿಕೊಂಡರು.

"ಇಲ್ಲ ಅಂದಿರೋದು ವಾರಂಟಿ ತಾನೇ? ನಾನು ಕೇಳ್ತಿರೋದು ಗ್ಯಾರಂಟಿ."

ಅಂಗಡಿಯವನು ತಲೆಯ ಮೇಲೆ ಕೈಹೊತ್ತು ಕೂತ. ಆಮೇಲೆ ಏನು ತೋಚಿತೋ, ತಾನೇ ಸ್ಕ್ರೂ ಬಿಚ್ಚಿ, ಚಿಮಟ ಹಾಕಿ ಎಳೆದ. ನೆಲ್ಲಿಕಾಯಿ ಗಾತ್ರದ ನೂಲಿನ ಉಂಡೆ ಹೊರಬಿತ್ತು. ಹಸಿರು ನೂಲು ಪಕ್ಕದ ಮನೆಯ ಪರದೆಯದು, ಕೆಂಪು ನರ್ಸಮ್ಮನ ರವಿಕೆಯದು. ಅಜ್ಜಿಗೆ ಒಂದೊಂದು ಎಳೆಯ ಗುರುತೂ ಸಿಕ್ಕಿತು. ನನ್ನಷ್ಟು ಶುಚಿಯಾಗಿ ಹೊಲಿಯುವವರು ಯಾರಿದ್ದಾರೆ ಎಂದು ಕೇರಿಗೆಲ್ಲ ಹೇಳಿಕೊಂಡು ಬಂದವರು ಉಂಡೆಯನ್ನು ಬೇಗ ಸೆರಗಿನಲ್ಲಿ ಮುಚ್ಚಿಕೊಂಡರು. ಗುಂಡಿ ಒತ್ತಿದರೆ ಮಷೀನು ಸರಸರ ಓಡಿತು.

"ಇದಕ್ಕೆ ಗ್ಯಾರಂಟಿಯೂ ಬೇಡ, ವಾರಂಟಿಯೂ ಬೇಡ ಅಜ್ಜಿ. ವಾರಕ್ಕೊಂದು ಸಲ ಬ್ರಷ್ಷು ಆಡಿಸಿದ್ರೆ ಸಾಕು," ಎಂದು ಅವನು ಚೀಟಿಯನ್ನು ಕಾರ್ಡಿನಿಂದ ಬಿಡಿಸಿ, ಸ್ಕ್ರೂ ಮೇಲೆ ಮತ್ತೆ ಅಂಟಿಸಿದ. ಇನ್ನು ಮೇಲೆ ಅದು ಅಲ್ಲೇ ಇರಬೇಕೆಂದ.

ಅಜ್ಜಿ ಬಗ್ಗಿ ನೋಡಿದರು. ಕತ್ತು ಓರೆ ಮಾಡಿ ಇನ್ನೊಮ್ಮೆ ನೋಡಿದರು.

"ಸೊಟ್ಟಗಾಯ್ತಲ್ಲಪ್ಪ," ಎಂದು ಚೀಟಿಯ ಅಂಚಿಗೆ ಉಗುರು ಕೊಟ್ಟರು.

ಸೊಸೆ ಅವರ ಕೈ ಹಿಡಿದುಕೊಂಡಳು. "ಅತ್ತೆ," ಎಂದಳು, "ಫ್ರಿಜ್ಜು."

ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡರು.