ಬಾಣಂತಿ ಕೋಣೆಯಲ್ಲೊಂದು ಕೊಲೆ

ನನ್ನ ಸೊಸೆ ಕೊಲೆಗಾರನನ್ನು ಹಿಡಿಯುವುದರಲ್ಲಿ ಪೊಲೀಸರಿಗಿಂತ ಚುರುಕು. ಒಲೆಯ ಮೇಲೆ ಉಕ್ಕುವ ಹಾಲನ್ನು ಹಿಡಿಯುವುದರಲ್ಲಿ ಮಾತ್ರ ಇವತ್ತಿನವರೆಗೂ ಗೆದ್ದಿಲ್ಲ! ಅಂಥವಳನ್ನು ಹುಡುಕಿ ಹುಡುಕಿ ತಂದವಳು ನಾನೇ. ಈಗ ಬೆಣ್ಣೆಯಂಥ ಮೊಮ್ಮಗಳನ್ನು ಕೊಟ್ಟಿದ್ದಾಳೆ, ದೂರಲು ಬಾಯಿ ಬರುವುದಿಲ್ಲ. ಆದರೂ ಸ್ವಲ್ಪ ದೂರುತ್ತೇನೆ.

ಮದುವೆಯಾಗಿ ಹರಿಹರದಿಂದ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದಾಗ ಅವಳ ಟ್ರಂಕನ್ನು ಇಳಿಸಲು ಮೂವರು ಬೇಕಾದರು. ಬೆಳ್ಳಿ ಪಾತ್ರೆ ಇರಬೇಕೆಂದು ಒಳಗೊಳಗೇ ಹಿಗ್ಗಿದೆ. ತೆಗೆದರೆ ಏನು? ತಳದಿಂದ ಬಾಯಿತನಕ ಪುಸ್ತಕ! ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅದುವರೆಗೆ ಓದಿದ್ದೆಂದರೆ ಬಸ್ಸಿನ ಬೋರ್ಡು, ಲಗ್ನಪತ್ರಿಕೆ. ಲಗ್ನಪತ್ರಿಕೆಯಲ್ಲೂ ಊಟ ಎಷ್ಟು ಹೊತ್ತಿಗೆ ಎಂಬ ಸಾಲು ಮಾತ್ರ.

ಅವಳಿಗೆ ಇಂಥದೇ ಪುಸ್ತಕ ಬೇಕೆಂದಿಲ್ಲ. ಅಡುಗೆ ಪುಸ್ತಕವನ್ನೂ ಕಥೆಯಂತೆ ಓದುತ್ತಾಳೆ. ಒಮ್ಮೆ ಎಣ್ಣೆಗಾಯಿಯ ಪುಟ ಓದಿ ಕಣ್ಣೊರೆಸಿಕೊಂಡಳು, ಅಷ್ಟು ಚೆನ್ನಾಗಿ ಬರೆದಿದ್ದಾರಂತೆ. ಅವತ್ತು ನಮಗೆ ಅನ್ನ, ಮಜ್ಜಿಗೆ! ದೆವ್ವದ ಪುಸ್ತಕ ಹಿಡಿದರೆ ಹಾಡಹಗಲಲ್ಲೂ ಹಿತ್ತಲಲ್ಲಿ ಬಟ್ಟೆ ಒಣಹಾಕಲು ನಾನು ಜೊತೆಗೆ ನಿಲ್ಲಬೇಕು. ಇನ್ನು ಪ್ರವಾಸದ ಪುಸ್ತಕ! ಅಪ್ಪನನ್ನು ನೋಡಿ ಬರುತ್ತೇನೆಂದು ಹರಿಹರಕ್ಕೆ ಹೊರಟವಳು ಬಸ್ಸಿನಲ್ಲಿ ಹಿಮಾಲಯ ಓದುತ್ತಾ ಕೂತು ರಾಣೆಬೆನ್ನೂರಿನಲ್ಲಿ ಇಳಿದಳು. ಹೊಳೆ ದಾಟಿದ್ದು ಗೊತ್ತಾಗಲಿಲ್ಲವೇ ಎಂದು ಕೇಳಿದೆ. ಗೊತ್ತಾಯಿತು, ಗಂಗೆ ಅಂದುಕೊಂಡೆ ಎಂದಳು.

ಪತ್ತೇದಾರಿ ಪುಸ್ತಕವಾದರೆ ಮೊದಲು ಕೊನೆಯ ಪುಟ. ಇದನ್ನು ನೋಡಿ ನೋಡಿ ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಕೊಂದೋರು ಯಾರಂತ ಮೊದ್ಲೇ ನೋಡಿದ್ಮ್ಯಾಲೆ ಓದೋದ್ಯಾಕ?"

"ಹೋಳಿಗೆ ರುಚಿ ನಿಮಗ ಗೊತ್ತೈತಲ್ಲ ಅತ್ತಿ. ಮತ್ಯಾಕ ಪ್ರತಿ ಹಬ್ಬಕ್ಕೂ ತಿಂತೀರಿ?"



ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ಅವಳು ಹೈಸ್ಕೂಲಿನಲ್ಲಿರುವಾಗಲೇ ತಾಯಿ ತೀರಿಕೊಂಡಿದ್ದರು, ಹಾಗಾಗಿ ಆ ಭಾಗ್ಯ ನನ್ನ ಪಾಲಿಗೆ ಬಂತು. ಬಾಣಂತನದಲ್ಲಿ ನಾನು ಬಲು ಬಿಗಿ. ಮೈಗೆ ಎಣ್ಣೆ, ಸುಡುಸುಡು ನೀರು, ಲೋಬಾನದ ಹೊಗೆ, ಕಿವಿಗೆ ಹತ್ತಿ, ಅದರ ಮೇಲೊಂದು ಸ್ಕಾರ್ಫು. ನಲವತ್ತು ದಿನ ಕಣ್ಣಿಗೆ ಆಯಾಸ ಕೂಡದು. ಅಂದರೆ ಪುಸ್ತಕ ಕೂಡದು! ನೋವು ಬಂದಾಗ ಅವಳ ಕೈಯಲ್ಲಿದ್ದ ತೆಳ್ಳನೆಯ ಪತ್ತೇದಾರಿ ಪುಸ್ತಕವನ್ನು ಅಕ್ಕಿ ಡ್ರಮ್ಮಿನೊಳಗೆ ಹೂತುಬಿಟ್ಟೆ.

ಒಂಬತ್ತು ದಿನ ಚೆನ್ನಾಗಿಯೇ ಇದ್ದಳು. ಹತ್ತನೆಯ ದಿನ ಅಂಟಿನ ಉಂಡೆ ತಟ್ಟೆಯಲ್ಲೇ ಉಳಿಯಿತು. ಮಗಳನ್ನು ಅವಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ನಾನು ಕೇಳಿದರೂ ಏನಿಲ್ಲ, ನನ್ನ ಮಗ ಕೇಳಿದರೂ ಏನಿಲ್ಲ. ಮರುದಿನವೂ ಅದೇ ಗೋಡೆ, ಅದೇ ಉಂಡೆ. ಹಾಲು ಕುಡಿಸುವವಳು ಹೀಗೆ ಊಟ ಬಿಟ್ಟರೆ ಹೇಗೆ? ಪುಸ್ತಕದ ಕೊರಗೇ ಇರಬೇಕು, ಇನ್ನೇನು? ಶಾಸ್ತ್ರ ಮುರಿಯುವಂತಿಲ್ಲ. ಆದರೆ ಶಾಸ್ತ್ರವಿರುವುದು ಬಾಣಂತಿಯ ಕಣ್ಣಿಗೆ. ಅತ್ತೆಯ ಕಣ್ಣಿಗೆ ಯಾರು ಬೇಡವೆಂದರು?

ಅಕ್ಕಿ ಕೊಡವಿ ಪುಸ್ತಕ ತಂದೆ. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಕೇಳಿದರೆ, ಮೊದಲಿನಿಂದಲೇ ಓದಿ ಎಂದಳು. ಆ ಮಧ್ಯಾಹ್ನ ಓದಿದ್ದು ಅರ್ಧ ಪುಟ. ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಒತ್ತಕ್ಷರ ಬಂದಲ್ಲಿ ಉಸಿರು ಬಿಗಿಹಿಡಿದು ಓದಿದೆ. ಅವಳ ಕಿವಿಯಲ್ಲಿ ಹತ್ತಿ ಇತ್ತಲ್ಲ, ಕೂಗಿಯೇ ಓದಬೇಕು. ಲಾಡ್ಜಿನಲ್ಲಿ ಡಾಕ್ಟರು ರಕ್ತದ ಮಡುವಿನಲ್ಲಿ ಬಿದ್ದಿದ್ದಾರೆ ಎಂದು ನಾನು ಕೂಗಿದ್ದೇ ತಡ, ಪಕ್ಕದ ಮನೆಯಾಕೆ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಯಾವ ಡಾಕ್ಟರು, ಎಷ್ಟು ಹೊತ್ತಾಯಿತು ಎಂದು ಕೇಳಿದಳು!

ಮಾರನೇ ದಿನದಿಂದ ಅವಳೂ ಅವರೆಕಾಯಿ ಸುಲಿಯುತ್ತಾ ಹೊಸ್ತಿಲ ಬಳಿ ಹಾಜರು. ಕೊಂದದ್ದು ಡಾಕ್ಟರ ಹೆಂಡತಿ ಎಂದು ಅವಳು, ಅಡುಗೆಯವನು ಎಂದು ನಾನು. ಕಾಂಪೌಂಡರು ಮಾತ್ರ ಬಡಪಾಯಿ ಎಂದು ಇಬ್ಬರೂ ಮರುಗಿದ್ದೇ ಮರುಗಿದ್ದು. ಸೊಸೆ ತುಟಿ ಬಿಗಿಹಿಡಿದು ನಗುತ್ತಾ ಉಂಡೆ ತಿಂದಳು. ಉಂಡೆ ಖಾಲಿಯಾದದ್ದು ಕಂಡು ನನ್ನ ದನಿ ಇನ್ನಷ್ಟು ಏರಿತು. ದಿನಕ್ಕೆ ಎರಡು ಪುಟವಾಯಿತು, ನಾಲ್ಕಾಯಿತು. ಮೊಮ್ಮಗಳಂತೂ ರಕ್ತ ಹರಿದಲ್ಲೆಲ್ಲ ಸುಖವಾಗಿ ನಿದ್ದೆ ಹೋದಳು!

ನಲವತ್ತನೆಯ ದಿನ ಕೊನೆಯ ಪುಟಕ್ಕೆ ಬಂದೆವು. ಕೊಂದವನು ಕಾಂಪೌಂಡರು! ಪಕ್ಕದ ಮನೆಯಾಕೆ ಬಾಯಿಯ ಮೇಲೆ ಕೈಯಿಟ್ಟಳು. ನಾನು ಕನ್ನಡಕ ತೆಗೆದು ಸೊಸೆಯನ್ನು ನೋಡಿದೆ. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೇ ಇಲ್ಲ. ಆಗ ಹೊಳೆಯಿತು, ಕೊನೆಯ ಪುಟ ಮೊದಲು ಓದುವವಳಲ್ಲವೇ ಇವಳು!

"ನಿನಗ ಮೊದ್ಲೇ ಗೊತ್ತಿತ್ತೇನು?"

"ಹೂಂ ಅತ್ತಿ."

"ಮತ್ತ ಹೇಳಬಾರ್ದೇನು? ತಿಂಗಳು ಪೂರ್ತಿ ಗಂಟಲು ಹರ್ಕೊಂಡೆ."

ಅವಳು ಮಗಳ ಕುಲಾವಿ ಸರಿಮಾಡಿದಳು.

"ನಮ್ಮವ್ವನೂ ಹಿಂಗೇ ಬೆರಳಿಟ್ಟು, ಕೂಡಿಸಿ ಕೂಡಿಸಿ ಓದೋಳು. ಆಕಿ ಹೋದ್ಮ್ಯಾಲೆ ನನಗ್ಯಾರೂ ಓದಿ ಹೇಳಿರ್ಲಿಲ್ಲ."

ಗೋಡೆ ಕಡೆ ತಿರುಗಿ ಮಲಗಿದ್ದು ಪುಸ್ತಕಕ್ಕಾಗಿ ಅಲ್ಲ ಎಂದು ಆಗ ತಿಳಿಯಿತು.

ಅಂದಿಗೆ ನನ್ನ ಶಾಸ್ತ್ರ ಮುಗಿದಿತ್ತು. ಮರುದಿನದಿಂದ ಅವಳೇ ಓದಿಕೊಳ್ಳಬಹುದಿತ್ತು. ನಾನು ಎದ್ದು ಹೋಗಿ ಟ್ರಂಕಿನ ತಳದಿಂದ ಎಲ್ಲಕ್ಕಿಂತ ದಪ್ಪನೆಯ ಪುಸ್ತಕವನ್ನು ಎತ್ತಿಕೊಂಡು ಬಂದೆ.

"ನಮ್ಮನಿಯಾಗ ಕಣ್ಣಿನ ಪಥ್ಯ ಮೂರು ತಿಂಗಳು ಐತೆ" ಎಂದೆ.

ಪುಸ್ತಕ ಕಂಡರೆ ಕೈಯಿಂದ ಕಿತ್ತುಕೊಳ್ಳುವ ಹುಡುಗಿ, "ಆಗ್ಲಿ ಅತ್ತಿ" ಎಂದು ಕಣ್ಣು ಮುಚ್ಚಿಕೊಂಡಳು.